ಅಟ್ಟದ ಮೇಲಿನ ಕ್ಯಾಲ್ಕುಲೇಟರ್ ಎಸೆಯಬೇಡಿ

ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಫಲಿತಾಂಶ ಬಂದು, ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಪ್ರವೇಶದ ಓಡಾಟ ಮುಗಿದ ಕೂಡಲೇ ಮನೆಗಳಲ್ಲಿ ಇನ್ನೊಂದು ಪಟ್ಟಿ ಸಿದ್ಧವಾಗುತ್ತದೆ. ಪುಸ್ತಕ, ಡ್ರಾಯಿಂಗ್ ಸಾಮಗ್ರಿ, ಬಸ್ ಪಾಸು... ಪಟ್ಟಿಯ ಕೊನೆಗೆ ಒಂದು ಸೈಂಟಿಫಿಕ್ ಕ್ಯಾಲ್ಕುಲೇಟರ್. ಮೊದಲಿನದ್ದಕ್ಕೆಲ್ಲ ತಲೆಯಾಡಿಸಿದ ತಂದೆ ಇಲ್ಲಿಗೆ ಬಂದಾಗ ಹುಬ್ಬು ಗಂಟಿಕ್ಕುತ್ತಾರೆ. "ಅದು ಮೊಬೈಲಿನಲ್ಲೇ ಇದೆಯಲ್ಲ, ಮತ್ತೆ ಬೇರೆ ದುಡ್ಡು ಯಾಕೆ?" ಚಿತ್ರದುರ್ಗದ ಮನೆಯಾಗಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮನೆಯಾಗಲಿ, ಈ ಪ್ರಶ್ನೆ ಬಾರದೇ ಇರುವುದಿಲ್ಲ.

ಪ್ರಶ್ನೆ ನ್ಯಾಯವಾದದ್ದೇ. ಫೋನಿನಲ್ಲಿ ಕ್ಯಾಮರಾ ಇದೆ, ಗಡಿಯಾರ ಇದೆ, ಟಾರ್ಚ್ ಇದೆ, ಕ್ಯಾಲ್ಕುಲೇಟರೂ ಇದೆ. ಹೀಗಿದ್ದೂ ಇಪ್ಪತ್ತು ವರ್ಷಗಳ ಹಿಂದಿನ ವಿನ್ಯಾಸದ ಕ್ಯಾಲ್ಕುಲೇಟರುಗಳು ಇಂದಿಗೂ ಪುಸ್ತಕದಂಗಡಿಗಳಲ್ಲಿ ಮಾರಾಟವಾಗುತ್ತಿವೆ. ಹಳೆಯ ಫೋನು, ಹಳೆಯ ಕಂಪ್ಯೂಟರು, ಕ್ಯಾಸೆಟ್ಟು ಎಲ್ಲವೂ ಮೂಲೆಗೆ ಸರಿದ ಕಾಲದಲ್ಲಿ ಈ ಪುಟ್ಟ ಯಂತ್ರ ಮಾತ್ರ ಹೇಗೆ ಉಳಿದುಕೊಂಡಿತು? ಈ ತಿಂಗಳು ಅದರ ಬಗ್ಗೆ ಸ್ವಲ್ಪ ಮಾತಾಡೋಣ. ಏಕೆಂದರೆ ಇದರಲ್ಲಿ ನಿಮ್ಮ ಮಕ್ಕಳ ಅಂಕವೂ ಇದೆ, ನಿಮ್ಮ ಮನೆಯ ಸಾಲದ ಲೆಕ್ಕವೂ ಇದೆ, ಹೆಣ್ಣುಮಕ್ಕಳ ಹಕ್ಕಿನ ಲೆಕ್ಕವೂ ಇದೆ.

ಮೊದಲು ಸ್ವಲ್ಪ ಚರಿತ್ರೆ. ಹಿರಿಯೂರಿನ ಸಮೀಪ ವೇದಾವತಿಗೆ ಅಡ್ಡಲಾಗಿ ನಿಂತಿರುವ ವಾಣಿವಿಲಾಸ ಸಾಗರವನ್ನು ನೀವು ನೋಡಿರಬಹುದು. ನಮ್ಮ ಕಡೆಯವರ ಬಾಯಲ್ಲಿ ಅದು ಮಾರಿಕಣಿವೆ. 1907ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದಿತು. ಆನಂತರ 89 ವರ್ಷ ಕಾದು 2022ರಲ್ಲಿ ಮತ್ತೆ ಕೋಡಿ ಬಿದ್ದಿತು, 2025ರ ಜನವರಿಯಲ್ಲಿ ಮೂರನೆಯ ಬಾರಿ ತುಂಬಿತು. 130 ಅಡಿ ನೀರಿನ ಒತ್ತಡವನ್ನು ತಡೆಯುವ ಆ ಕಲ್ಲುಗೋಡೆ ಎಷ್ಟು ದಪ್ಪ ಇರಬೇಕು, ಎಷ್ಟು ಇಳಿಜಾರಿರಬೇಕು ಎಂದು ಲೆಕ್ಕ ಹಾಕಿದವರ ಕೈಯಲ್ಲಿ ಗುಂಡಿ ಒತ್ತುವ ಎಲೆಕ್ಟ್ರಾನಿಕ್ ಯಂತ್ರ ಇರಲಿಲ್ಲ. ಆ ಕಾಲದ ಎಂಜಿನಿಯರುಗಳ ಬಳಿ ಇದ್ದದ್ದು ಕಾಗದ, ಸೀಸದ ಕಡ್ಡಿ, ಲಾಗ್ ಟೇಬಲ್ ಮತ್ತು ಸ್ಲೈಡ್ ರೂಲ್.

ಲಾಗ್ ಟೇಬಲ್ ಎಂದರೆ ಗುಣಾಕಾರವನ್ನು ಕೂಡುವಿಕೆಯನ್ನಾಗಿ ಮಾಡುವ ಕೋಷ್ಟಕ. 1614ರಲ್ಲಿ ಸ್ಕಾಟ್ಲೆಂಡಿನ ಜಾನ್ ನೇಪಿಯರ್ ಅದನ್ನು ಜಗತ್ತಿಗೆ ಕೊಟ್ಟ. ಅದೇ ತತ್ವದ ಮೇಲೆ ಜಾರುವ ಪಟ್ಟಿಯುಳ್ಳ ಸ್ಲೈಡ್ ರೂಲ್ ಬಂತು. ಸುಮಾರು ಮುನ್ನೂರೈವತ್ತು ವರ್ಷ ಜಗತ್ತಿನ ಸೇತುವೆ, ರೈಲು, ಹಡಗುಗಳ ಲೆಕ್ಕವೆಲ್ಲ ಇವುಗಳಿಂದಲೇ ನಡೆಯಿತು. ನಮ್ಮಲ್ಲಿ ವಿಜ್ಞಾನ ಓದಿದ ಹಿರಿಯರನ್ನು ಕೇಳಿ ನೋಡಿ, ಕ್ಲಾರ್ಕ್ಸ್ ಟೇಬಲ್ ಎಂಬ ತೆಳು ಪುಸ್ತಕದ ಹೆಸರು ಹೇಳಿದರೆ ಅವರ ಮುಖ ಅರಳುತ್ತದೆ. ಕೆಲವರ ಮುಖ ಬಾಡಲೂಬಹುದು!

1972ರಲ್ಲಿ ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಕಂಪೆನಿ ಎಚ್‌ಪಿ-35 ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅಂಗಿಯ ಜೇಬಿನಲ್ಲಿ ಹಿಡಿಯುವಂತಿರಬೇಕು ಎಂಬುದು ಕಂಪೆನಿಯ ಸ್ಥಾಪಕರಲ್ಲೊಬ್ಬರಾದ ಬಿಲ್ ಹ್ಯೂಲೆಟ್ ಅವರ ಷರತ್ತು. ಅದರಲ್ಲಿ 35 ಗುಂಡಿಗಳಿದ್ದವು, ಅದರಿಂದಲೇ ಆ ಹೆಸರು. ಸೈನ್, ಕಾಸ್, ಲಾಗ್ ಎಲ್ಲವನ್ನೂ ಮಾಡಬಲ್ಲ ಮೊದಲ ಜೇಬು ಯಂತ್ರ ಅದು. ಬೆಲೆ 395 ಡಾಲರ್, ಅಂದಿನ ದರದಲ್ಲಿ ಸುಮಾರು ಮೂರು ಸಾವಿರ ರೂಪಾಯಿ. ನಮ್ಮಲ್ಲಿ ಸಾಮಾನ್ಯ ನೌಕರನಿಗೆ ಅದು ಹಲವು ತಿಂಗಳ ಸಂಬಳ! 1976ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿ 25 ಡಾಲರಿನೊಳಗೆ ಟಿಐ-30 ಮಾರತೊಡಗಿದಾಗ ಸ್ಲೈಡ್ ರೂಲಿನ ಕಾಲ ಮುಗಿಯಿತು. ಜಪಾನಿನ ಕ್ಯಾಸಿಯೋ ಬಂದ ಮೇಲಂತೂ ಅದು ನಮ್ಮ ಸಣ್ಣ ಊರುಗಳ ಅಂಗಡಿಗೂ ತಲುಪಿತು.

ಆ ಎಚ್‌ಪಿ-35ರ ಒಂದು ಕಥೆಯನ್ನು ಇಲ್ಲಿ ಹೇಳಲೇಬೇಕು. ಮಾರಾಟ ಶುರುವಾದ ಮೇಲೆ ಅದರಲ್ಲಿ ಒಂದು ದೋಷ ಪತ್ತೆಯಾಯಿತು. 2.02 ಎಂಬ ಸಂಖ್ಯೆಯ ಲಾಗ್ ತೆಗೆದು, ಅದನ್ನು ಹಿಂದಕ್ಕೆ ತಿರುಗಿಸಿದರೆ 2.02 ಬರಬೇಕು. ಯಂತ್ರ 2 ಎಂದು ತೋರಿಸುತ್ತಿತ್ತು. ಸಾವಿರಾರು ಯಂತ್ರಗಳು ಆಗಲೇ ಜನರ ಕೈ ಸೇರಿದ್ದವು. ಕಂಪೆನಿ ಕೊಂಡವರಿಗೆ ಪತ್ರ ಬರೆದು ದೋಷವನ್ನು ತಿಳಿಸಿತು, ಬೇಕಾದವರಿಗೆ ಬದಲಿಸಿಕೊಡುವುದಾಗಿ ಹೇಳಿತು. ತೂಕ, ಅಳತೆಯಲ್ಲಿ ಕೂದಲೆಳೆಯಷ್ಟೂ ಮೋಸ ಸಲ್ಲದು ಎಂದು ನಾವು ಮಕ್ಕಳಿಗೆ ಹೇಳುತ್ತೇವಲ್ಲ? ವ್ಯಾಪಾರದಲ್ಲಿರುವ ಬಂಧುಗಳು ಈ ಕಥೆಯನ್ನು ನೆನಪಿಟ್ಟುಕೊಂಡರೆ ನಷ್ಟವಿಲ್ಲ.

ಇನ್ನು ಕ್ಯಾಲ್ಕುಲೇಟರಿನ ಮೇಲಿರುವ 'ಸೈನ್' ಎಂಬ ಗುಂಡಿಯನ್ನೇ ತೆಗೆದುಕೊಳ್ಳಿ. ಆ ಶಬ್ದ ಎಲ್ಲಿಂದ ಬಂತು ಗೊತ್ತೇ? ನಮ್ಮ ಆರ್ಯಭಟನ ಕಾಲದಲ್ಲಿ ಅದು 'ಜ್ಯಾ', ಅಂದರೆ ಬಿಲ್ಲಿನ ಹೆದೆ. ಅರಬ್ ವಿದ್ವಾಂಸರು ಆ ಜ್ಞಾನವನ್ನು ಕಲಿತು 'ಜೀಬ' ಎಂದು ಬರೆದುಕೊಂಡರು. ಅರಬಿಯಲ್ಲಿ ಸ್ವರಚಿಹ್ನೆಗಳನ್ನು ಬಿಟ್ಟು ಬರೆಯುವುದರಿಂದ ಮುಂದೆ ಅದನ್ನು 'ಜೈಬ್' ಎಂದು ಓದಲಾಯಿತು. ಜೈಬ್ ಎಂದರೆ ಮಡಿಲು, ಕೊಲ್ಲಿ. ಅದನ್ನು ಲ್ಯಾಟಿನಿಗೆ ತಂದವರು ಅದೇ ಅರ್ಥದ 'ಸೈನಸ್' ಎಂಬ ಪದವನ್ನು ಇಟ್ಟರು. ಅದು ಚಿಕ್ಕದಾಗಿ ಸೈನ್ ಆಯಿತು. ನಾವು ಅಂಗಿಗೆ ಹೊಲಿಸುವ 'ಜೇಬು' ಕೂಡ ಅದೇ ಜೈಬ್. ಜೇಬಿನೊಳಗಿನ ಯಂತ್ರದ ಗುಂಡಿಯ ಮೇಲೆ ಜೇಬಿನ ಹೆಸರೇ ಕುಳಿತಿದೆ! ಕಂಪ್ಯೂಟರಿನವರು ದಿನಕ್ಕೆ ನೂರು ಬಾರಿ ಹೇಳುವ 'ಆಲ್ಗಾರಿದಮ್' ಎಂಬ ಮಾತು ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್ ಖ್ವಾರಿಝ್ಮಿಯ ಹೆಸರಿನಿಂದ ಬಂದದ್ದು. ಸಮರ್ಕಂದಿನ ಅಲ್ ಕಾಶಿ 1424ರಲ್ಲಿ 'ಪೈ' ಬೆಲೆಯನ್ನು 16 ದಶಾಂಶ ಸ್ಥಾನದವರೆಗೆ ಕೈಯಿಂದಲೇ ಲೆಕ್ಕ ಹಾಕಿದ್ದ. ನಮ್ಮ ಬಡ ಕ್ಯಾಲ್ಕುಲೇಟರ್ ಪರದೆಯಲ್ಲಿ ತೋರಿಸುವುದು ಹತ್ತೇ ಅಂಕೆ.

ಅಷ್ಟು ಸಣ್ಣ ಯಂತ್ರದ ಹೊಟ್ಟೆಯಲ್ಲಿ ಇಷ್ಟು ದೊಡ್ಡ ಲೆಕ್ಕ ಹೇಗೆ ನಡೆಯುತ್ತದೆ? ಒಳಗೆ ಲಾಗ್ ಟೇಬಲ್ ಇಟ್ಟಿದ್ದಾರೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಅಂಗಡಿಯ ತಕ್ಕಡಿಯನ್ನು ನೆನೆಯಿರಿ. ಬೇಕಾದ ತೂಕದ ಬಟ್ಟು ಇಲ್ಲದಿದ್ದರೆ ಒಂದು ತಟ್ಟೆಗೆ ದೊಡ್ಡ ಬಟ್ಟು ಹಾಕಿ, ಹೆಚ್ಚಾದರೆ ಇನ್ನೊಂದು ತಟ್ಟೆಗೆ ಸಣ್ಣದನ್ನು ಹಾಕಿ ಸರಿದೂಗಿಸುತ್ತಾರೆ. 1959ರಲ್ಲಿ ಜ್ಯಾಕ್ ವೋಲ್ಡರ್ ಎಂಬ ಎಂಜಿನಿಯರ್ ಕೋನಗಳಿಗೂ ಇದೇ ರೀತಿಯ ಉಪಾಯ ಹೇಳಿದ. ಯಂತ್ರದ ನೆನಪಿನಲ್ಲಿ 45, 26.57, 14.04, 7.13, 3.58, 1.79, 0.90 ಹೀಗೆ ಕೆಲವೇ ಕೋನಗಳ 'ಬಟ್ಟು'ಗಳು. 35 ಡಿಗ್ರಿ ಬೇಕೇ? 45ರಿಂದ 26.57 ಕಳೆ, 14.04 ಕೂಡು, 7.13 ಕೂಡು, 3.58 ಕಳೆ, 1.79 ಕಳೆ, 0.90 ಕೂಡು. ಆಗಲೇ 35.13ಕ್ಕೆ ಬಂದಿರಿ. ಇನ್ನಷ್ಟು ಸಣ್ಣ ಬಟ್ಟು ಹಾಕುತ್ತ ಹೋದರೆ 35ಕ್ಕೆ ಬೇಕಾದಷ್ಟು ಹತ್ತಿರವಾಗುತ್ತದೆ. ಪ್ರತಿ ಹೆಜ್ಜೆಗೂ ಬೇಕಾದದ್ದು ಕೂಡುವುದು, ಕಳೆಯುವುದು, ಅಂಕೆಗಳನ್ನು ಪಕ್ಕಕ್ಕೆ ಸರಿಸುವುದು ಅಷ್ಟೇ. ಎಚ್‌ಪಿ-35 ಬಳಸಿದ್ದು ಇದೇ ಜಾತಿಯ ವಿಧಾನವನ್ನು.

ಸರಿ, ಇದರಿಂದ ನಮಗೇನು ಎನ್ನುತ್ತೀರಾ? ನಮ್ಮ ಊರಿನ ಲೆಕ್ಕವನ್ನೇ ಮಾಡಿ ನೋಡೋಣ.

ಚಿತ್ರದುರ್ಗದ ಜೋಗಿಮಟ್ಟಿಯ ಕಡೆ ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳು ತಿರುಗುವುದನ್ನು ಎಲ್ಲರೂ ಕಂಡಿದ್ದೇವೆ. ಅವನ್ನು ಬಯಲಿನಲ್ಲಿ ನಿಲ್ಲಿಸದೆ ಅಷ್ಟು ಕಷ್ಟಪಟ್ಟು ಮೇಲೆ ಹೊತ್ತೊಯ್ದದ್ದೇಕೆ? ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಸೆಕೆಂಡಿಗೆ 5 ಮೀಟರ್ ಇದ್ದ ಗಾಳಿ 6 ಮೀಟರ್ ಆದರೆ ವೇಗ ಹೆಚ್ಚಿದ್ದು ಶೇಕಡಾ 20. ಘಾತದ ಗುಂಡಿ ಒತ್ತಿ 6ರ ಘನವನ್ನು 5ರ ಘನದಿಂದ ಭಾಗಿಸಿ: 1.728. ಅಂದರೆ ಶಕ್ತಿ ಹೆಚ್ಚಿದ್ದು ಸುಮಾರು ಶೇಕಡಾ 73! ಗುಡ್ಡ ಹತ್ತಿದ್ದರ ಗುಟ್ಟು ಅಲ್ಲಿದೆ.

ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲು ಹತ್ತುವವರು ಹಳಿ ಸಮತಟ್ಟಾಗಿದೆ ಎಂದೇ ಭಾವಿಸುತ್ತಾರೆ. ಹಳಿ ನೂರು ಮೀಟರಿಗೆ ಒಂದು ಮೀಟರ್ ಏರಿದರೆ ಅದು ಎಷ್ಟು ಡಿಗ್ರಿ? ಶಿಫ್ಟ್ ಒತ್ತಿ, ಟ್ಯಾನ್ ಒತ್ತಿ, 0.01 ಹಾಕಿ. ಉತ್ತರ 0.57 ಡಿಗ್ರಿ. ನಮ್ಮ ಕಣ್ಣಿಗೆ ಕಾಣದ ಆ ಅರ್ಧ ಡಿಗ್ರಿಯ ಏರು ಗೂಡ್ಸ್ ರೈಲಿನ ಎಂಜಿನ್ನಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಇನ್ನು ಮನೆಯ ಲೆಕ್ಕ. "ನೂರಕ್ಕೆ ತಿಂಗಳಿಗೆ ಐದೇ ರೂಪಾಯಿ" ಎಂದು ಹೇಳಿ ಸಾಲ ಕೊಡುವವರು ಯಾವ ಊರಿನಲ್ಲಿಲ್ಲ? ಐದು ಎಂಬ ಅಂಕೆ ಕೇಳಲು ಸಣ್ಣದು. 1.05 ಒತ್ತಿ, ಘಾತದ ಗುಂಡಿ ಒತ್ತಿ, 12 ಹಾಕಿ. 1.796 ಬರುತ್ತದೆ. ಬಡ್ಡಿ ಕಟ್ಟದೆ ಅದು ಅಸಲಿಗೆ ಸೇರುತ್ತ ಹೋದರೆ ಹತ್ತು ಸಾವಿರದ ಸಾಲ ಒಂದು ವರ್ಷಕ್ಕೆ ಸುಮಾರು ಹದಿನೆಂಟು ಸಾವಿರ. ಈಗ 12ರ ಬದಲು 36 ಹಾಕಿ. 5.79! ಮೂರು ವರ್ಷಕ್ಕೆ 57,918 ರೂಪಾಯಿ. ಬಡ್ಡಿಯ ಕೆಡುಕನ್ನು ನಾವು ಉಪದೇಶದಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಮದುವೆಗೋ ಆಸ್ಪತ್ರೆಗೋ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಮನೆಯ ಮಗಳು ಈ ಮೂರು ಗುಂಡಿ ಒತ್ತಿ ತೋರಿಸಿದರೆ ಆ ಉಪದೇಶ ಅಂಕೆಯಾಗಿ ಕಣ್ಣಿಗೆ ಕಾಣುತ್ತದೆ. ಎಷ್ಟು ಮನೆಗಳು ಉಳಿಯಬಹುದಲ್ಲವೇ?

ಇನ್ನೊಂದು ಗುಂಡಿಯನ್ನೂ ಪರಿಚಯಿಸುತ್ತೇನೆ. ಎ, ಬಿ ಬೈ ಸಿ ಎಂದು ಬರೆದಿರುವ ಭಿನ್ನರಾಶಿಯ ಗುಂಡಿ. ಅಲ್ ಖ್ವಾರಿಝ್ಮಿಯ ಬೀಜಗಣಿತದ ಗ್ರಂಥದಲ್ಲಿ ದೊಡ್ಡದೊಂದು ಭಾಗ ವಾರಸು ಹಂಚಿಕೆಯ ಲೆಕ್ಕಗಳಿಗೇ ಮೀಸಲು ಎಂಬುದು ನಿಮಗೆ ಗೊತ್ತಿರಬಹುದು. ಒಬ್ಬರು ತೀರಿಕೊಂಡರು ಎನ್ನಿ. ಅವರ ತಂದೆ ಮೊದಲೇ ಇಲ್ಲ. ಪತ್ನಿ, ತಾಯಿ, ಒಬ್ಬ ಮಗ, ಒಬ್ಬಳು ಮಗಳು ಇದ್ದಾರೆ. ಸಾಲ ಮತ್ತು ವಸಿಯ್ಯತ್ ತೀರಿದ ಮೇಲೆ 18 ಲಕ್ಷ ರೂಪಾಯಿ ಉಳಿದಿದೆ. ಪತ್ನಿಗೆ ಎಂಟನೇ ಒಂದು, ತಾಯಿಗೆ ಆರನೇ ಒಂದು. ಸಾದಾ ಕ್ಯಾಲ್ಕುಲೇಟರಿನಲ್ಲಿ ಇವನ್ನು ಕೂಡಿದರೆ 0.2916666 ಎಂದು ಬಾಲ ಬೆಳೆಯುತ್ತ ಹೋಗುತ್ತದೆ. ಭಿನ್ನರಾಶಿಯ ಗುಂಡಿ ಒತ್ತಿ ಕೂಡಿದರೆ 7/24 ಎಂದು ನೀಟಾಗಿ ಬರುತ್ತದೆ. ಉಳಿದ 17/24ರಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದು. ಅಂದರೆ ಮಗನಿಗೆ 17/36, ಮಗಳಿಗೆ 17/72. ರೂಪಾಯಿಯಲ್ಲಿ ಪತ್ನಿಗೆ 2,25,000, ತಾಯಿಗೆ 3,00,000, ಮಗನಿಗೆ 8,50,000, ಮಗಳಿಗೆ 4,25,000. ಕೂಡಿ ನೋಡಿ, ಸರಿಯಾಗಿ 18 ಲಕ್ಷ. ವಾರಸುದಾರರು ಬದಲಾದರೆ ಪಾಲೂ ಬದಲಾಗುತ್ತದೆ, ಆಗ ಬಲ್ಲ ವಿದ್ವಾಂಸರನ್ನೇ ಕೇಳಬೇಕು. ಆದರೆ "ಆ ಲೆಕ್ಕ ಯಾರಿಗೆ ಗೊತ್ತಾಗುತ್ತದೆ, ಆಮೇಲೆ ನೋಡೋಣ" ಎಂದು ಹೆಣ್ಣುಮಗಳ ನಾಲ್ಕೂಕಾಲು ಲಕ್ಷವನ್ನು ವರ್ಷಗಟ್ಟಲೆ ಮುಂದೂಡುವವರಿಗೆ ಇನ್ನು ಲೆಕ್ಕದ ನೆಪ ಉಳಿಯದು. ಆ ಲೆಕ್ಕಕ್ಕೆ ಬೇಕಾದದ್ದು ಎರಡು ನಿಮಿಷ.

ಇವನ್ನೆಲ್ಲ ಫೋನಿನಲ್ಲೂ ಮಾಡಬಹುದು, ನಿಜ. ಆದರೆ ಮೇಜಿನ ಮೇಲೆ ಕ್ಯಾಲ್ಕುಲೇಟರ್ ಇಟ್ಟುಕೊಂಡು ಓದುವ ಮಗುವಿಗೂ ಫೋನ್ ಇಟ್ಟುಕೊಂಡು ಓದುವ ಮಗುವಿಗೂ ವ್ಯತ್ಯಾಸವಿದೆ. ಲೆಕ್ಕಕ್ಕೆಂದು ಕೈಗೆತ್ತಿಕೊಂಡ ಫೋನು ಒಂದು ಸಂದೇಶ ತೋರಿಸುತ್ತದೆ, ಸಂದೇಶ ಒಂದು ವೀಡಿಯೋ ತೋರಿಸುತ್ತದೆ, ಅರ್ಧ ಗಂಟೆಯ ನಂತರ ಲೆಕ್ಕ ಅಲ್ಲೇ ಇರುತ್ತದೆ. ಕ್ಯಾಲ್ಕುಲೇಟರಿಗೆ ಒಂದೇ ಕಸುಬು. ಅದು ಯಾರನ್ನೂ ಕರೆಯುವುದಿಲ್ಲ, ಯಾರ ಕರೆಗೂ ಓಗೊಡುವುದಿಲ್ಲ. ಅದಕ್ಕೆ ದಿನಾ ಚಾರ್ಜ್ ಬೇಡ. ಕ್ಯಾಸಿಯೋ ಎಫ್‌ಎಕ್ಸ್-991 ಎಂಎಸ್ ಮಾದರಿಗೆ ಸೌರಕೋಶದ ಜೊತೆ ಒಂದು ಗುಂಡಿ ಬ್ಯಾಟರಿ ಇರುತ್ತದೆ. ಕರೆಂಟ್ ಹೋದ ಹಗಲಿನಲ್ಲೂ ಕಿಟಕಿಯ ಬೆಳಕೇ ಅದಕ್ಕೆ ಸಾಕು.

ಎಲ್ಲಕ್ಕಿಂತ ಮುಖ್ಯವಾಗಿ, ಪರೀಕ್ಷಾ ಕೊಠಡಿಯೊಳಗೆ ಫೋನ್ ಬರುವಂತಿಲ್ಲ. ಚಿತ್ರದುರ್ಗದ ಎಸ್‌ಜೆಎಂ ತಾಂತ್ರಿಕ ಕಾಲೇಜೂ ಸೇರಿದಂತೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳ ವಿದ್ಯಾರ್ಥಿಗಳಿಗೆ ಕ್ಯಾಲ್ಕುಲೇಟರ್ ಹಾಲ್ ಟಿಕೆಟ್ಟಿನ ಜೊತೆಗಾರ. ಪ್ರೋಗ್ರಾಂ ತುಂಬಿಸಬಲ್ಲ ಯಂತ್ರಗಳಿಗೆ ಮಾತ್ರ ಅಲ್ಲಿ ಪ್ರವೇಶವಿಲ್ಲ. ಹಳೆಯ ಸರಳ ಮಾದರಿ ಇಂದಿಗೂ ಬಾಳಲು ಇದೂ ಒಂದು ಕಾರಣ. ಆದರೆ ಎಲ್ಲ ಪರೀಕ್ಷೆಗಳೂ ಒಂದೇ ಅಲ್ಲ. ನಮ್ಮ ಸಿಇಟಿಯಲ್ಲಿ ಯಾವ ಕ್ಯಾಲ್ಕುಲೇಟರೂ ಸಲ್ಲದು. ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರದಲ್ಲಿ ಲಾಗ್ ಟೇಬಲ್ ಮತ್ತು ಸಾದಾ ಕ್ಯಾಲ್ಕುಲೇಟರ್ ಬಳಸಬಹುದು, ಸೈಂಟಿಫಿಕ್ ಬಳಸುವಂತಿಲ್ಲ ಎಂಬ ಸೂಚನೆ ಪ್ರಶ್ನೆಪತ್ರಿಕೆಯಲ್ಲೇ ಬಂದದ್ದುಂಟು. ಗೇಟ್ ಪರೀಕ್ಷೆಯಲ್ಲಿ ಈಗ ಕಂಪ್ಯೂಟರ್ ಪರದೆಯ ಮೇಲಿನ ಕ್ಯಾಲ್ಕುಲೇಟರನ್ನೇ ಬಳಸಬೇಕು. ಆದ್ದರಿಂದ ಪಿಯುಸಿ ಮಕ್ಕಳು ಕೈಲೆಕ್ಕ ಬಿಡಬಾರದು, ಉಳಿದವರು ಆಯಾ ವರ್ಷದ ಸೂಚನೆ ಓದಿಕೊಂಡೇ ಹೋಗಬೇಕು.

ಈಗ ಅತಿ ದೊಡ್ಡ ಅಪಾಯದ ಮಾತು. ಪರದೆಯ ಮೇಲೆ ಡಿ, ಆರ್, ಜಿ ಎಂಬ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಸಣ್ಣದಾಗಿ ಕಾಣುತ್ತದೆ. ಡಿ ಎಂದರೆ ಡಿಗ್ರಿ, ಆರ್ ಎಂದರೆ ರೇಡಿಯನ್, ಜಿ ಎಂದರೆ ಗ್ರೇಡ್. ಕೋನ ಅಳೆಯುವ ಮೂರು ಬಗೆ ಇವು. ಕೋಟೆಯ ಒಂದು ಬಂಡೆಯಿಂದ 100 ಮೀಟರ್ ದೂರ ನಿಂತು ನೋಡಿದಾಗ ಅದರ ನೆತ್ತಿ 35 ಡಿಗ್ರಿ ಮೇಲಿದೆ ಎಂದುಕೊಳ್ಳಿ. 100 ಗುಣಿಸು ಟ್ಯಾನ್ 35. ಡಿಗ್ರಿಯಲ್ಲಿದ್ದರೆ ಎತ್ತರ 70 ಮೀಟರ್. ಆರ್ ಇದ್ದರೆ ಯಂತ್ರ 47 ಎನ್ನುತ್ತದೆ, ಜಿ ಇದ್ದರೆ 61 ಎನ್ನುತ್ತದೆ. ಮೂರೂ ನಂಬುವಂಥ ಉತ್ತರಗಳೇ! ತಪ್ಪೆಂದು ಯಂತ್ರ ಹೇಳುವುದಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ತಪ್ಪಿಲ್ಲ. ಪರೀಕ್ಷೆಯಲ್ಲಿ ಎಲ್ಲ ಸೂತ್ರ ಬಲ್ಲ ಮಗು ಇಡೀ ಲೆಕ್ಕದ ಅಂಕ ಕಳೆದುಕೊಳ್ಳುವುದು ಹೀಗೆ. ಇದಕ್ಕೆ ಮದ್ದು ಸುಲಭ. ಕೊಠಡಿಯಲ್ಲಿ ಕುಳಿತ ಕೂಡಲೇ ಸೈನ್ 30 ಒತ್ತಲಿ. 0.5 ಬಂದರೆ ನೆಮ್ಮದಿ. ಬೇರೇನೇ ಬಂದರೂ ಮೋಡ್ ಗುಂಡಿಯಿಂದ ಡಿಗ್ರಿಗೆ ತರಬೇಕು. ಎಂಎಸ್ ಮಾದರಿಗಳಲ್ಲಿ ಶಿಫ್ಟ್, ಮೋಡ್, 3, ಈಕ್ವಲ್ ಒತ್ತಿದರೆ ಎಲ್ಲವೂ ಮೊದಲಿನ ಸ್ಥಿತಿಗೆ ಮರಳುತ್ತದೆ.

ಮನೆಯಲ್ಲಿ ಆಪಾ ಅಥವಾ ಭಾಯಿ ಓದುವಾಗ ಬಳಸಿದ ಕ್ಯಾಲ್ಕುಲೇಟರ್ ಇದ್ದರೆ ಹೊಸದಕ್ಕೆ ಹಣ ಹಾಕುವ ಮೊದಲು ಅದನ್ನು ಹುಡುಕಿ ತೆಗೆಯಿರಿ. ಹತ್ತಿಯಿಂದ ಒರೆಸಿ ಹೊಸ ಬ್ಯಾಟರಿ ಹಾಕಿ. ಬ್ಯಾಟರಿ ಸೋರಿ ಹಸಿರು ಕಟ್ಟಿದ್ದರೆ ರಿಪೇರಿಯವರಿಗೆ ತೋರಿಸಿ. ತೆಗೆದ ಗುಂಡಿ ಬ್ಯಾಟರಿಯನ್ನು ಎಲ್ಲೆಂದರಲ್ಲಿ ಇಡಬೇಡಿ. ಸಣ್ಣ ಮಗು ನುಂಗಿದರೆ ಅದು ಗಂಟಲನ್ನು ಸುಡುತ್ತದೆ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕಾಗುತ್ತದೆ. ಬಳಿಕ ಎಲ್ಲ ಅಂಕೆಗಳನ್ನೂ ಒಂದೊಂದಾಗಿ ಒತ್ತಿ ನೋಡಿ. ಆಮೇಲೆ ಸಂಗ್ರಾಹಕರು ಮಾಡುವ ಪರೀಕ್ಷೆ ಮಾಡಿ: ಡಿಗ್ರಿಯಲ್ಲಿಟ್ಟು 9ರ ಸೈನ್, ಬಂದದ್ದರ ಕಾಸ್, ಅದರ ಟ್ಯಾನ್ ತೆಗೆಯಿರಿ. ಬಳಿಕ ಶಿಫ್ಟ್ ಒತ್ತಿ ಟ್ಯಾನ್, ಕಾಸ್, ಸೈನ್ ಎಂದು ಹಿಂದಕ್ಕೆ ಬನ್ನಿ. ಮತ್ತೆ 9 ಬರಬೇಕು, ಅಥವಾ 9ಕ್ಕೆ ತೀರ ಹತ್ತಿರದ ಸಂಖ್ಯೆ ಬರಬೇಕು. ಕೊನೆಯ ಅಂಕೆಗಳು ಒಂದೊಂದು ಜಾತಿಯ ಯಂತ್ರದಲ್ಲಿ ಒಂದೊಂದು ರೀತಿ ಬರುತ್ತವೆ, ನಮ್ಮ ಹೆಬ್ಬೆಟ್ಟಿನ ಗುರುತಿನಂತೆ. ಹೊಸದನ್ನೇ ಕೊಳ್ಳುವುದಾದರೆ ಮೊದಲು ಕಾಲೇಜಿನಲ್ಲಿ ಯಾವ ಮಾದರಿಗೆ ಒಪ್ಪಿಗೆ ಇದೆ ಎಂದು ಕೇಳಿಕೊಳ್ಳಿ. ಡಿಪ್ಲೊಮಾದ ಆರಂಭಕ್ಕೆ 240 ಕ್ರಿಯೆಗಳ ಎಫ್‌ಎಕ್ಸ್-82 ಎಂಎಸ್ ದರ್ಜೆಯದು ಸಾಕಾಗಬಹುದು. ಸಮೀಕರಣ ಬಿಡಿಸುವುದು, ಮ್ಯಾಟ್ರಿಕ್ಸ್ ಎಲ್ಲ ಇರುವ ಎಂಜಿನಿಯರಿಂಗಿಗೆ 401 ಕ್ರಿಯೆಗಳ 991 ಎಂಎಸ್ ದರ್ಜೆಯದು ಒಳ್ಳೆಯದು. ಬಿಲ್ಲು ಕೇಳಿ ಪಡೆಯಿರಿ, ನಕಲಿಗಳೂ ಮಾರುಕಟ್ಟೆಯಲ್ಲಿವೆ.

ಅಮೆರಿಕದಲ್ಲಿ 1981ರಲ್ಲಿ ಬಂದ ಎಚ್‌ಪಿ-12ಸಿ ಎಂಬ ಹಣಕಾಸಿನ ಕ್ಯಾಲ್ಕುಲೇಟರ್ ನಾಲ್ಕು ದಶಕ ದಾಟಿದರೂ ಮಾರಾಟದಲ್ಲಿದೆ. ಅದರಲ್ಲಿ ಈಕ್ವಲ್ ಗುಂಡಿಯೇ ಇಲ್ಲ! ಎರಡು ಸಂಖ್ಯೆ ಕೊಟ್ಟು ಆಮೇಲೆ ಕೂಡು ಎಂದು ಹೇಳಬೇಕು. ಒಮ್ಮೆ ಅಭ್ಯಾಸವಾದವರು ಬೇರೆಯದನ್ನು ಮುಟ್ಟುವುದಿಲ್ಲ. 1982ರ ಎಚ್‌ಪಿ-15ಸಿಯನ್ನಂತೂ ಅಭಿಮಾನಿಗಳಿಗಾಗಿ 2011ರಲ್ಲಿ, ಮತ್ತೆ 2023ರಲ್ಲಿ ಹೊಸದಾಗಿ ತಯಾರಿಸಿ ಮಾರಿದರು. ಇದು ಬರೀ ಹಳೆಯದರ ಮೋಹವಲ್ಲ. ಗುಂಡಿಗಳು ಎಲ್ಲಿದ್ದವೋ ಅಲ್ಲೇ ಇರುತ್ತವೆ, ಬೆರಳು ನೋಡದೆಯೇ ಅಲ್ಲಿಗೆ ಹೋಗುತ್ತದೆ, ಮನಸ್ಸು ಲೆಕ್ಕದ ಮೇಲೆ ಉಳಿಯುತ್ತದೆ. ಹಳೆಯ ದರ್ಜಿಗೆ ತನ್ನ ಕತ್ತರಿಯೇ ಯಾಕೆ ಬೇಕು ಎಂದು ಕೇಳಿದರೆ ಅವನೂ ಇದನ್ನೇ ಹೇಳಿಯಾನು.

ತಾಯಂದಿರಲ್ಲಿ ಒಂದು ಮಾತು. ಮಗ ಎಂಜಿನಿಯರಿಂಗ್ ಸೇರಿದಾಗ ಪಟ್ಟಿಯ ಎಲ್ಲವನ್ನೂ ತಂದುಕೊಟ್ಟು, ಮಗಳು ಡಿಪ್ಲೊಮಾ ಸೇರಿದಾಗ "ಗೆಳತಿಯದ್ದನ್ನು ಕೇಳಿ ಪಡೆದುಕೋ" ಎನ್ನುವ ಮನೆಗಳು ಇಂದಿಗೂ ಇವೆ. ಪರೀಕ್ಷೆಯ ದಿನ ಗೆಳತಿಗೂ ಅದು ಬೇಕಲ್ಲ? ಒಂದು ಕೊಠಡಿಯಲ್ಲಿ ಕ್ಯಾಲ್ಕುಲೇಟರ್ ಕೈಬದಲಾಯಿಸಲು ಮೇಲ್ವಿಚಾರಕರು ಬಿಡುವುದಿಲ್ಲ. ಆಕೆಯ ಹೆಸರು ಬರೆದ ಒಂದು ಯಂತ್ರ ಆಕೆಯ ಚೀಲದಲ್ಲಿರಲಿ. ನಿಮ್ಮಲ್ಲಿ ಹಳೆಯದೊಂದು ಸುಮ್ಮನೆ ಬಿದ್ದಿದ್ದರೆ, ಮನೆಯಲ್ಲಿ ಓದುವವರು ಯಾರೂ ಇಲ್ಲದಿದ್ದರೆ, ಬೀದಿಯಲ್ಲಿ, ಮೊಹಲ್ಲಾದಲ್ಲಿ ಯಾವ ಮಗು ಈ ವರ್ಷ ಡಿಪ್ಲೊಮಾ ಸೇರಿದೆ ಎಂದು ವಿಚಾರಿಸಿ. ಬ್ಯಾಟರಿ ಹಾಕಿ, ಸೈನ್ 30 ಒತ್ತಿ 0.5 ಬರುವುದನ್ನು ಖಚಿತಪಡಿಸಿಕೊಂಡು, ಆ ಮಗುವಿನ ಕೈಗೆ ಕೊಟ್ಟು ಬನ್ನಿ.